ಪರೀಕ್ಷೆಯ ಜಾಗಕ್ಕೆ ಪ್ಲ್ಯಾನ್: ವಾಷಿಂಗ್ಟನ್ ರಾಜ್ಯದ ಹೈಸ್ಕೂಲ್ ಕಾನೂನು ಕೇಳುತ್ತಿರುವುದೇನು?

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳನ್ನು ಓದಿಸುತ್ತಿರುವವರ ಕಿವಿಗೆ ಕೆಲವು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗದ ಸುದ್ದಿಗಳು ಬೀಳುತ್ತಿವೆ. ಹೈಸ್ಕೂಲ್ ಮುಗಿಸಲು ರಾಜ್ಯದ ಪರೀಕ್ಷೆ ಪಾಸಾಗಬೇಕಿಲ್ಲ ಎನ್ನುತ್ತದೆ ಒಂದು. ನಿಯಮ ಹಿಂದಿಗಿಂತ ಬಿಗಿಯಾಗಿದೆ, 24 ಕ್ರೆಡಿಟ್ ಇಲ್ಲದೆ ಡಿಪ್ಲೊಮಾ ಇಲ್ಲ ಎನ್ನುತ್ತದೆ ಇನ್ನೊಂದು. ಈ ನಡುವೆ ಏಳನೇ ತರಗತಿಯ ಮಗುವಿನ ಲಾಗಿನ್‌ಗೆ 'ಹೈಸ್ಕೂಲ್ ಅಂಡ್ ಬಿಯಾಂಡ್ ಪ್ಲ್ಯಾನ್' ಎಂಬ ಆನ್‌ಲೈನ್ ಫಾರಂ ಬಂದು, ಮುಂದೆ ಏನಾಗಬೇಕೆಂದಿದ್ದೀಯ ಎಂದು ಕೇಳುತ್ತದೆ. ಸಾಲದ್ದಕ್ಕೆ ರಾಜ್ಯ ಶಿಕ್ಷಣ ಮಂಡಳಿ 'ಫ್ಯೂಚರ್‌ರೆಡಿ' ಎಂಬ ಹೆಸರಿನಲ್ಲಿ ಡಿಪ್ಲೊಮಾ ನಿಯಮಗಳನ್ನೆಲ್ಲ ಮತ್ತೆ ಬಿಚ್ಚಿಟ್ಟುಕೊಂಡು ಕೂತಿದೆ.

ಇವಿಷ್ಟೂ ನಿಜವೇ. 2014, 2019 ಮತ್ತು 2023ರಲ್ಲಿ ಬಂದ ಕಾನೂನುಗಳು ಒಂದರ ಮೇಲೊಂದು ಪದರವಾಗಿ ಕೂತಿರುವುದರಿಂದ ಗೊಂದಲವಾಗುತ್ತದೆ. ಪದರಗಳನ್ನು ಬಿಡಿಸಿ ನೋಡಿದರೆ ಕಾಣುವುದು ಇಷ್ಟು: ಪರೀಕ್ಷೆ ಹೊರುತ್ತಿದ್ದ ಭಾರದಲ್ಲಿ ಬಹುಪಾಲನ್ನು ಶಾಸನಸಭೆ ಈ ಪ್ಲ್ಯಾನ್ ಎಂಬ ದಾಖಲೆಯ ಹೆಗಲಿಗೆ ದಾಟಿಸಿದೆ. ನೋಡುವುದಕ್ಕೆ ಅದೊಂದು ಫಾರಂ. ಯಾವ ವಿಷಯ ಬಿಡಬಹುದು, ಯಾವುದನ್ನು ಯಾವುದಕ್ಕೆ ಬದಲಿಸಬಹುದು ಎಂಬುದು ಮಾತ್ರ ಈಗ ಅದರ ಮೇಲೆ ನಿಂತಿದೆ.

ಎಸ್‌ಎಸ್‌ಎಲ್‌ಸಿ ಕನ್ನಡಕ ತೆಗೆದಿಟ್ಟು

ಕರ್ನಾಟಕದಲ್ಲಿ ಓದಿ ಬಂದವರಿಗೆ ಶಾಲೆ ಮುಗಿಯುವುದೆಂದರೆ ಒಂದು ಮಂಡಳಿ, ಒಂದು ಪ್ರಶ್ನೆಪತ್ರಿಕೆ, 625ಕ್ಕೆ ಇಷ್ಟು ಎಂಬ ಒಂದು ಮಾರ್ಕ್ಸ್ ಕಾರ್ಡ್. ಆಮೇಲೆ ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂದು ಒಮ್ಮೆ ಆರಿಸಿದರೆ ಮುಗಿಯಿತು. ವಾಷಿಂಗ್ಟನ್ನಿನಲ್ಲಿ ಇದಾವುದೂ ಇಲ್ಲ. ರಾಜ್ಯದಲ್ಲಿ 295 ಶಾಲಾ ಡಿಸ್ಟ್ರಿಕ್ಟ್‌ಗಳಿವೆ. ಡಿಪ್ಲೊಮಾ ಕೊಡುವುದು ಡಿಸ್ಟ್ರಿಕ್ಟ್. ನಮ್ಮಲ್ಲಿ ಡಿಪ್ಲೊಮಾ ಎಂದೊಡನೆ ಪಾಲಿಟೆಕ್ನಿಕ್ ನೆನಪಾಗುತ್ತದೆ, ಇಲ್ಲಿ ಆ ಪದಕ್ಕೆ ಹನ್ನೆರಡನೇ ತರಗತಿ ಮುಗಿಸಿದ ಪತ್ರವೆಂದಷ್ಟೇ ಅರ್ಥ. ರಾಜ್ಯ ಕನಿಷ್ಠ ಮಟ್ಟವನ್ನು ಗೊತ್ತುಮಾಡುತ್ತದೆ, ಡಿಸ್ಟ್ರಿಕ್ಟ್ ಬೇಕಿದ್ದರೆ ಅದಕ್ಕಿಂತ ಹೆಚ್ಚು ಕೇಳಬಹುದು. ಹಾಗಾಗಿ ಪಕ್ಕದ ಊರಿನ ಗೆಳೆಯರ ಮಗಳಿಗೆ ಅನ್ವಯಿಸಿದ್ದು ನಿಮ್ಮ ಮಗನಿಗೆ ಅನ್ವಯಿಸಲೇಬೇಕೆಂದಿಲ್ಲ.

ರಾಜ್ಯ ಕೇಳುವುದು ಮೂರನ್ನು: 24 ಕ್ರೆಡಿಟ್, ಕನಿಷ್ಠ ಒಂದು 'ಗ್ರಾಜುಯೇಶನ್ ಪಾತ್‌ವೇ' (ಮುಂದಿನ ಓದಿಗೋ ಕೆಲಸಕ್ಕೋ ಸಿದ್ಧವೆಂದು ತೋರಿಸುವ ದಾರಿ), ಮತ್ತು ಪ್ಲ್ಯಾನ್. ಮೂರರಲ್ಲಿ ಯಾವುದು ತಪ್ಪಿದರೂ ಡಿಪ್ಲೊಮಾ ಇಲ್ಲ.

24ರ ಲೆಕ್ಕದಲ್ಲಿ ಉಸಿರಾಡಲು ಜಾಗವಿಲ್ಲ

2014ರ ಕಾನೂನು 24 ಕ್ರೆಡಿಟ್‌ಗಳನ್ನು ತಂದಿತು. 2019ರಲ್ಲಿ ಹೊರಬರುವ ತಂಡದಿಂದ ಜಾರಿ ಎಂದಿತ್ತು, ಸಿದ್ಧವಿಲ್ಲದ ಡಿಸ್ಟ್ರಿಕ್ಟ್‌ಗಳಿಗೆ ಎರಡು ವರ್ಷದವರೆಗೆ ಕಾಲಾವಕಾಶವಿತ್ತು. ಹಂಚಿಕೆ ಹೀಗಿದೆ: ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ ವಿಜ್ಞಾನ 3, ವೃತ್ತಿ ಮತ್ತು ತಾಂತ್ರಿಕ ಶಿಕ್ಷಣ 1, ಆರೋಗ್ಯ ಮತ್ತು ದೈಹಿಕ ಶಿಕ್ಷಣ 2, ಕಲೆ 2, ಇನ್ನೊಂದು ಭಾಷೆ 2, ಐಚ್ಛಿಕ 4. ವಿಜ್ಞಾನದ ಮೂರರಲ್ಲಿ ಎರಡು ಲ್ಯಾಬ್ ಇರುವ ಕೋರ್ಸ್ ಆಗಿರಬೇಕು.

ಒಂದು ವರ್ಷ ಪೂರ್ತಿ ಓದುವ ಕೋರ್ಸಿಗೆ ಸಾಮಾನ್ಯವಾಗಿ 1 ಕ್ರೆಡಿಟ್, ಒಂದು ಸೆಮಿಸ್ಟರ್‌ಗೆ ಅರ್ಧ. ಈಗ ಗುಣಾಕಾರ ಮಾಡಿ. ದಿನಕ್ಕೆ ಆರು ಪೀರಿಯಡ್ ಇರುವ ಶಾಲೆಯಲ್ಲಿ ವರ್ಷಕ್ಕೆ 6, ನಾಲ್ಕು ವರ್ಷಕ್ಕೆ 24. ಬೇಕಾದದ್ದೂ 24. ಒಂಬತ್ತನೇ ತರಗತಿಯಲ್ಲಿ ಗಣಿತದ ಒಂದೇ ಸೆಮಿಸ್ಟರ್ ಫೇಲಾದರೂ ಲೆಕ್ಕ 23.5ಕ್ಕೆ ಇಳಿಯುತ್ತದೆ, ಮತ್ತು ಮಾಮೂಲು ವೇಳಾಪಟ್ಟಿಯೊಳಗೆ ಅದನ್ನು ತುಂಬಿಕೊಳ್ಳಲು ಖಾಲಿ ಪೀರಿಯಡ್ಡೇ ಇರುವುದಿಲ್ಲ. ಬೇಸಿಗೆ ತರಗತಿ, ಆನ್‌ಲೈನ್ ಕೋರ್ಸ್, ಶಾಲೆ ಬಿಟ್ಟ ಮೇಲಿನ ಪಾಠ, ಇಷ್ಟೇ ದಾರಿ. ಅನೇಕ ಶಾಲೆಗಳು ಏಳು ಪೀರಿಯಡ್ಡಿಗೆ ಅಥವಾ ಬೇರೆ ಬಗೆಯ ವೇಳಾಪಟ್ಟಿಗೆ ಹೊರಳಿದ್ದು ಇದೇ ಇಕ್ಕಟ್ಟಿನಿಂದ. ನಿಮ್ಮ ಶಾಲೆಯ ದಿನಕ್ಕೆ ಎಷ್ಟು ಪೀರಿಯಡ್ ಎಂಬುದು ಮೊದಲು ಕೇಳಿ ತಿಳಿಯಬೇಕಾದ ಸಂಗತಿ. ಕಾನೂನಿನ ಪಠ್ಯಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಕಾನೂನು ಬರೆದವರಿಗೂ ಈ ಬಿಗಿತ ಗೊತ್ತಿತ್ತು. ಅದಕ್ಕೇ 24ರಲ್ಲಿ 17ನ್ನು ಅಲುಗಾಡದ ತಿರುಳು ಎಂದಿಟ್ಟು, ಉಳಿದ 7ನ್ನು ಸಡಿಲ ಬಿಟ್ಟರು. ಈ ಏಳರಲ್ಲಿ 4 ಐಚ್ಛಿಕ. ಮಿಕ್ಕ 3, ಅಂದರೆ ಕಲೆಯ 1 ಮತ್ತು ಭಾಷೆಯ 2, ವಿದ್ಯಾರ್ಥಿಯ ಗುರಿಗೆ ತಕ್ಕಂತೆ ಬೇರೆ ಕೋರ್ಸುಗಳಿಗೆ ಬದಲಾಗಬಹುದು. ವೆಲ್ಡಿಂಗ್ ಕಲಿಯಬೇಕೆನ್ನುವವಳು ಎರಡು ವರ್ಷದ ಸ್ಪ್ಯಾನಿಷ್ ಬದಲು ಲೋಹ ಕೆಲಸದ ಕೋರ್ಸುಗಳನ್ನು ತೆಗೆದುಕೊಳ್ಳಬಹುದು. ವಿದ್ಯಾರ್ಥಿಯ ವೈಯಕ್ತಿಕ ಪರಿಸ್ಥಿತಿ ನೋಡಿ ಈ ಏಳರೊಳಗೇ 2 ಕ್ರೆಡಿಟ್‌ವರೆಗೆ ಮನ್ನಾ ಮಾಡಲು ಡಿಸ್ಟ್ರಿಕ್ಟ್‌ಗೆ ಅಧಿಕಾರವಿದೆ. ತಿರುಳಿನ 17ನ್ನು ಆ ಮನ್ನಾ ಮುಟ್ಟುವಂತಿಲ್ಲ.

ಗೊತ್ತಿದ್ದವರು ಬಳಸಿಕೊಳ್ಳುವ ಇನ್ನೊಂದು ಸಂದೂ ಇದೆ. ಕೆಲವು ವೃತ್ತಿ ಕೋರ್ಸುಗಳನ್ನು ಗಣಿತ ಅಥವಾ ವಿಜ್ಞಾನಕ್ಕೆ ಸಮಾನವೆಂದು ಒಪ್ಪಲಾಗಿದೆ. ಅಂಥದ್ದೊಂದನ್ನು ಓದಿದರೆ ಎರಡು ಬೇಡಿಕೆ ಒಟ್ಟಿಗೇ ಈಡೇರುತ್ತವೆ. ಆದರೆ ಸಿಗುವ ಕ್ರೆಡಿಟ್ ಒಂದೇ. ಪಟ್ಟಿಯಲ್ಲಿ ಒಂದು ಜಾಗ ತೆರವಾಗುತ್ತದೆಯೇ ಹೊರತು 24 ಅನ್ನುವುದು 23 ಆಗುವುದಿಲ್ಲ. ಇಲ್ಲಿ ಎಡವಿದವರಿಗೆ ಕೊರತೆ ಕಾಣಿಸುವುದು ಹನ್ನೆರಡನೇ ತರಗತಿಯ ಹೊಸ್ತಿಲಲ್ಲಿ.

ಪರೀಕ್ಷೆ ಹೋದದ್ದು ಹೇಗೆ

'ಸ್ಮಾರ್ಟರ್ ಬ್ಯಾಲೆನ್ಸ್‌ಡ್' ಎಂಬ ರಾಜ್ಯದ ಪರೀಕ್ಷೆಯನ್ನು ಇಂದಿಗೂ ಹತ್ತನೇ ತರಗತಿಯಲ್ಲಿ ನಡೆಸುತ್ತಾರೆ. ಹೈಸ್ಕೂಲಿನಲ್ಲಿ ಒಮ್ಮೆಯಾದರೂ ಪರೀಕ್ಷಿಸಲೇಬೇಕು ಎನ್ನುವುದು ಫೆಡರಲ್ ಕಾನೂನು. ಅದರಲ್ಲಿ ಪಾಸಾಗದೆ ಡಿಪ್ಲೊಮಾ ಇಲ್ಲ ಎಂಬ ಕೊಂಡಿಯನ್ನು ಮಾತ್ರ 2019ರ 1599ನೇ ಹೌಸ್ ಮಸೂದೆ ಕಳಚಿತು. 24 ಕ್ರೆಡಿಟ್ ಗಳಿಸಿದ ಮಗುವೂ ಒಂದು ಅಂಕದ ಕೊರತೆಗೆ ವೇದಿಕೆ ಹತ್ತದೆ ಉಳಿಯುವುದು ಸರಿಯೇ ಎಂಬ ಪ್ರಶ್ನೆ ವರ್ಷಗಳಿಂದ ಕುದಿಯುತ್ತಿತ್ತು. ಇದು ಈ ಒಂದು ರಾಜ್ಯದ ಕಥೆಯಷ್ಟೇ ಅಲ್ಲ. 2024ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಮತದಾರರೂ ತಮ್ಮ ರಾಜ್ಯದ ಪರೀಕ್ಷೆಯನ್ನು ಡಿಪ್ಲೊಮಾದಿಂದ ಬಿಡಿಸಿದರು; ನ್ಯೂಯಾರ್ಕ್ ತನ್ನ ಹಳೆಯ ರೀಜೆಂಟ್ಸ್ ಪರೀಕ್ಷೆಗಳ ಕಡ್ಡಾಯವನ್ನು ಕೈಬಿಡುವ ದಾರಿಯಲ್ಲಿದೆ.

ಪರೀಕ್ಷೆ ತೆಗೆದ ಜಾಗವನ್ನು ವಾಷಿಂಗ್ಟನ್ ಖಾಲಿ ಬಿಡಲಿಲ್ಲ. 2020ರ ತಂಡದಿಂದ ಹಲವು ಪಾತ್‌ವೇಗಳಲ್ಲಿ ಒಂದನ್ನು ಪೂರೈಸಬೇಕೆಂದಿತು. ರಾಜ್ಯದ ಪರೀಕ್ಷೆಯೂ ಅವುಗಳಲ್ಲಿ ಒಂದಾಗಿ ಉಳಿಯಿತು: ಇಂಗ್ಲಿಷ್‌ನಲ್ಲಿ 2548, ಗಣಿತದಲ್ಲಿ 2595 ಬಂದರೆ ಸಾಕು. 'ಲೆವೆಲ್ 3' ಎಂದು ವರದಿಯಲ್ಲಿ ಅಚ್ಚಾಗುವ ಮಟ್ಟಕ್ಕಿಂತ ಇದು ಕೆಳಗೆ. ಲೆವೆಲ್ 3 ಬರಲಿಲ್ಲವೆಂದು ಕಂಗಾಲಾದವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಉಳಿದ ದಾರಿಗಳಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ ಅಥವಾ ಎಸಿಟಿಯ ಅಂಕ ಒಂದು. ಹೈಸ್ಕೂಲಿನಲ್ಲೇ ಓದುವ ಮೇಲ್ಮಟ್ಟದ ಎಪಿ, ಐಬಿ ಅಥವಾ ಕೇಂಬ್ರಿಜ್ ಕೋರ್ಸುಗಳು ಇನ್ನೊಂದು. ಎಪಿಯಲ್ಲಾದರೆ ಪರೀಕ್ಷೆಯಲ್ಲಿ 5ಕ್ಕೆ 3 ಬರಬೇಕು, ಇಲ್ಲವೇ ತರಗತಿಯಲ್ಲಿ ಪ್ರತಿ ಅವಧಿಗೂ ಸಿ ಪ್ಲಸ್ ಇರಬೇಕು. ಕಾಲೇಜು ಕ್ರೆಡಿಟ್ಟೂ ಸಿಗುವ ಡ್ಯುಯಲ್ ಕ್ರೆಡಿಟ್ ಕೋರ್ಸುಗಳಿವೆ. ಹನ್ನೆರಡನೆಯದರಲ್ಲಿ ಓದುವ 'ಬ್ರಿಜ್ ಟು ಕಾಲೇಜ್' ಕೋರ್ಸಿದೆ. ಇವೆಲ್ಲ ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ಆಗಬೇಕು. ಆದರೆ ಎರಡಕ್ಕೂ ಒಂದೇ ದಾರಿಯಾಗಬೇಕಿಲ್ಲ: ಇಂಗ್ಲಿಷನ್ನು ಎಪಿಯಿಂದ, ಗಣಿತವನ್ನು ರಾಜ್ಯದ ಪರೀಕ್ಷೆಯಿಂದ ತೋರಿಸಬಹುದು.

ಎರಡು ದಾರಿಗಳು ಒಂಟಿಯಾಗಿಯೇ ಸಾಕಾಗುತ್ತವೆ. ಒಂದು, ವೃತ್ತಿ ಶಿಕ್ಷಣದಲ್ಲಿ ಒಂದಕ್ಕೊಂದು ಹೆಣೆದ 2 ಅಥವಾ ಹೆಚ್ಚು ಕ್ರೆಡಿಟ್‌ಗಳ ಸರಣಿ. ಬಿಡಿಬಿಡಿಯಾಗಿ ಅಡುಗೆಯದೊಂದು, ಫೋಟೋಗ್ರಫಿಯದೊಂದು ಎಂದು ಆರಿಸಿದ ಎರಡು ಕೋರ್ಸು ಸರಣಿಯಾಗುವುದಿಲ್ಲ. ಇನ್ನೊಂದು, ಸೇನೆಯ ಆಯ್ಕೆಗೆ ಬಳಸುವ ಆಸ್‌ವ್ಯಾಬ್ ಪರೀಕ್ಷೆ. ಇದನ್ನು ಬರೆದರೆ ಸೇನೆಗೆ ಸೇರಲೇಬೇಕೆಂಬ ಭಯ ವಲಸಿಗ ಮನೆಗಳಲ್ಲಿದೆ, ಅಂಥ ಕಟ್ಟುಪಾಡಿಲ್ಲ. ಆದರೆ ಫಲಿತಾಂಶ ನೇಮಕಾತಿ ಅಧಿಕಾರಿಗಳ ಕೈ ಸೇರಬಹುದು. ಹಾಗಾಗಬಾರದೆಂದರೆ ಪರೀಕ್ಷೆಗೆ ಮೊದಲೇ ಶಾಲೆ 'ಆಪ್ಷನ್ 8' ಎಂಬ ಆಯ್ಕೆಯನ್ನು ಗುರುತಿಸಿರಬೇಕು. ಕೇಳಬೇಕಾದದ್ದು ಅದನ್ನೇ.

2023ರಲ್ಲಿ ಇನ್ನೊಂದು ದಾರಿ ಸೇರಿತು: ಪ್ರಾಜೆಕ್ಟ್, ಕೆಲಸದ ಅನುಭವ ಮುಂತಾದವುಗಳ ಮೂಲಕ ಕಲಿಕೆಯನ್ನು ಮಾಡಿ ತೋರಿಸುವುದು. ಕಾಗದದ ಮೇಲೆ ಇದು ಎಲ್ಲಕ್ಕಿಂತ ಚೆಂದದ್ದು. ಆದರೆ ಮೌಲ್ಯಮಾಪನ ಮಾಡಲು ತರಬೇತಾದ ಶಿಕ್ಷಕರೂ ಸಮಯವೂ ಬೇಕು, ಮತ್ತು ಇದನ್ನು ಕೊಡಲೇಬೇಕೆಂದು ಡಿಸ್ಟ್ರಿಕ್ಟ್‌ಗಳಿಗೆ ಕಟ್ಟಪ್ಪಣೆಯಿಲ್ಲ. ಒಟ್ಟು ಪಾತ್‌ವೇಗಳ ವಿಷಯದಲ್ಲೂ ಕಾನೂನಿನ ಧಾಟಿ ಅದೇ, ಆದಷ್ಟು ಹೆಚ್ಚು ಕೊಡಿ ಎಂದು ಪ್ರೋತ್ಸಾಹಿಸುತ್ತದೆ, ಎಲ್ಲವನ್ನೂ ಕೊಡಿ ಎಂದು ಆಜ್ಞಾಪಿಸುವುದಿಲ್ಲ.

ಪ್ಲ್ಯಾನ್: ಫಾರಂ ಅಲ್ಲ, ಕೀಲಿ

ಪ್ಲ್ಯಾನ್ ಹೊಸದೇನಲ್ಲ. 2008ರ ತಂಡದಿಂದಲೇ ಅದು ನಿಯಮದಲ್ಲಿತ್ತು, ಬಹುಕಾಲ ಮೂಲೆಯಲ್ಲಿ ಕೂತಿತ್ತು. 2023ರ 5243ನೇ ಸೆನೆಟ್ ಮಸೂದೆ ಅದನ್ನು ಎಳೆದು ನಡುಮನೆಗೆ ತಂದಿತು. ಏಳನೇ ತರಗತಿಯೊಳಗೆ ಶುರುವಾಗಬೇಕು, ವರ್ಷ ವರ್ಷ ತಿದ್ದಬೇಕು, ಮತ್ತು ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ವೇದಿಕೆ ಇರಬೇಕು ಎಂದಿತು. ಅದಕ್ಕಾಗಿ ರಾಜ್ಯದ ಶಿಕ್ಷಣ ಅಧೀಕ್ಷಕರ ಕಚೇರಿ ಆರಿಸಿಕೊಂಡದ್ದು ಸ್ಕೂಲಿಂಕ್ಸ್ ಎಂಬ ತಂತ್ರಾಂಶ. ಡಿಸ್ಟ್ರಿಕ್ಟ್‌ಗಳು ಹಂತ ಹಂತವಾಗಿ ಅದಕ್ಕೆ ಬದಲಾಗುತ್ತಿವೆ. ಮೊದಲು ಒಂದೊಂದು ಕಡೆ ಒಂದೊಂದು ತಂತ್ರಾಂಶ, ಕೆಲವು ಕಡೆ ಬರೀ ಕಾಗದ ಇತ್ತು. ಊರು ಬದಲಾಯಿಸಿದ ಮಗುವಿನ ಪ್ಲ್ಯಾನ್ ಹಳೆಯ ಶಾಲೆಯಲ್ಲೇ ಉಳಿದುಬಿಡುತ್ತಿತ್ತು.

ಒಳಗೆ ಏನೇನಿರಬೇಕು? ಆಸಕ್ತಿ ಮತ್ತು ವೃತ್ತಿ ಗುರುತಿಸುವ ಪ್ರಶ್ನಾವಳಿ, ಓದಿನ ಗುರಿ, ನಾಲ್ಕು ವರ್ಷದ ಕೋರ್ಸ್ ಪಟ್ಟಿ, ಡ್ಯುಯಲ್ ಕ್ರೆಡಿಟ್ ಹಾಗೂ ವೃತ್ತಿ ಕಲಿಕೆಯ ಅವಕಾಶಗಳ ಮಾಹಿತಿ, ಕಾಲೇಜು ಖರ್ಚಿನ ನೆರವಿನ ವಿವರ, ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಒಂದು ರೆಸ್ಯೂಮೆ ಅಥವಾ ಚಟುವಟಿಕೆಗಳ ಪಟ್ಟಿ. ಅಂಗವೈಕಲ್ಯದ ಕಾರಣಕ್ಕೆ ವಿಶೇಷ ಶಿಕ್ಷಣ ಯೋಜನೆ ಇರುವ ಮಕ್ಕಳಿಗೆ ಅದರೊಂದಿಗೂ ಇದು ಹೊಂದಬೇಕು.

ಇಷ್ಟೇ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಹಿಂದೆ ಹೇಳಿದ ಸಡಿಲಿಕೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಭಾಷೆ ಮತ್ತು ಕಲೆಯ 3 ಕ್ರೆಡಿಟ್ ಬದಲಾಯಿಸಲು ಆಧಾರ ಯಾವುದು? ಪ್ಲ್ಯಾನ್. ಮೂರನೇ ಗಣಿತ ಕ್ರೆಡಿಟ್ಟಿಗೆ ಆಲ್ಜೀಬ್ರಾ 2 ಬದಲು ಬೇರೆ ಕೋರ್ಸ್ ತೆಗೆದುಕೊಳ್ಳಲು? ಪ್ಲ್ಯಾನ್, ಜೊತೆಗೆ ಪೋಷಕರ ಒಪ್ಪಿಗೆ. ಅವರು ಸಿಗದಿದ್ದರೆ ಶಾಲೆಯ ಕೌನ್ಸೆಲರ್ (ಮಾರ್ಗದರ್ಶಕರು) ಅಥವಾ ಪ್ರಿನ್ಸಿಪಾಲರದು. ಮೂರನೇ ವಿಜ್ಞಾನಕ್ಕೂ ಹೀಗೆಯೇ. ಪಾತ್‌ವೇ ಕೂಡ ಪ್ಲ್ಯಾನ್‌ನಲ್ಲಿ ಬರೆದ ಗುರಿಗೆ ಹೊಂದಬೇಕು. ಪರೀಕ್ಷೆಯಿದ್ದಾಗ ಬಾಗಿಲು ತೆರೆಯುತ್ತಿದ್ದದ್ದು ಒಂದು ಅಂಕ. ಈಗ ಹದಿಮೂರನೇ ವಯಸ್ಸಿನಲ್ಲಿ ಶುರುವಾಗಿ ಪ್ರತಿವರ್ಷ ಯಾರೋ ಗಮನಿಸಿ ತಿದ್ದಬೇಕಾದ ಒಂದು ದಾಖಲೆ. ತಿದ್ದದಿದ್ದರೆ ಕಂಪ್ಯೂಟರ್ ತಪ್ಪು ತೋರಿಸುವುದಿಲ್ಲ. ಹಸಿರು ಟಿಕ್ ಗುರುತು ಹಾಗೇ ಇರುತ್ತದೆ.

ಡಿಪ್ಲೊಮಾ ಬೇರೆ, ಕಾಲೇಜಿನ ಅರ್ಹತೆ ಬೇರೆ

ಹೆಚ್ಚು ನಷ್ಟ ಮಾಡುವ ತಪ್ಪು ತಿಳಿವಳಿಕೆ ಇದು. ಡಿಪ್ಲೊಮಾ ಸಿಕ್ಕಿತೆಂದರೆ ವಾಷಿಂಗ್ಟನ್ ವಿಶ್ವವಿದ್ಯಾಲಯದಂಥ ನಾಲ್ಕು ವರ್ಷದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಅರ್ಹತೆ ಸಿಕ್ಕಿತು ಎಂದಲ್ಲ. ಅವುಗಳಿಗೆ ತಮ್ಮದೇ ಕನಿಷ್ಠ ಕೋರ್ಸ್ ಪಟ್ಟಿಯಿದೆ. ಅದರಲ್ಲಿ ಒಂದೇ ಭಾಷೆಯ 2 ಕ್ರೆಡಿಟ್ ಬೇಕೇ ಬೇಕು, ಗಣಿತ ಆಲ್ಜೀಬ್ರಾ 2ರ ಮಟ್ಟ ಮುಟ್ಟಿರಬೇಕು, ಹನ್ನೆರಡನೇ ತರಗತಿಯಲ್ಲೂ ಗಣಿತ ಬಳಸುವ ಕೋರ್ಸೊಂದು ಇರಬೇಕು.

ಹತ್ತನೇ ತರಗತಿಯ ಹುಡುಗನೊಬ್ಬ ಪ್ಲ್ಯಾನ್‌ನಲ್ಲಿ 'ವಾಹನ ದುರಸ್ತಿ' ಎಂದು ಬರೆದ ಎಂದಿಟ್ಟುಕೊಳ್ಳಿ. ಭಾಷೆಯ ಬದಲು ಆಟೋ ಕೋರ್ಸು, ಆಲ್ಜೀಬ್ರಾ 2ರ ಬದಲು ಅನ್ವಯಿಕ ಗಣಿತ. ಕಾನೂನಿನ ಪ್ರಕಾರ ಎಲ್ಲವೂ ಸರಿ. ಹನ್ನೊಂದನೆಯದರ ಕೊನೆಗೆ ಅವನಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕೆನಿಸಿತು. ಉಳಿದಿರುವುದು ಒಂದೇ ವರ್ಷ; ಎರಡು ವರ್ಷದ ಭಾಷೆಯನ್ನು ಅದರಲ್ಲಿ ತುರುಕಲಾಗದು. ಡಿಪ್ಲೊಮಾ ಕೈಯಲ್ಲಿರುತ್ತದೆ, ನೇರ ಪ್ರವೇಶದ ಬಾಗಿಲು ಮುಚ್ಚಿರುತ್ತದೆ. ಎಲ್ಲವೂ ಮುಗಿಯಿತೆಂದಲ್ಲ. ರಾಜ್ಯದ 34 ಸಮುದಾಯ ಮತ್ತು ತಾಂತ್ರಿಕ ಕಾಲೇಜುಗಳು ಎಲ್ಲರಿಗೂ ತೆರೆದಿವೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ದಾಟುವ ಗಟ್ಟಿಯಾದ ಒಪ್ಪಂದವೂ ಇದೆ. ಸುತ್ತು ದಾರಿ, ಅಷ್ಟೇ. ಆದರೆ ಆ ಸುತ್ತನ್ನು ತಿಳಿದು ಆರಿಸುವುದು ಬೇರೆ, ಗೊತ್ತಿಲ್ಲದೆ ಅದರಲ್ಲಿ ಬೀಳುವುದು ಬೇರೆ.

ಇದಕ್ಕೆ ತದ್ವಿರುದ್ಧವಾದ ತಪ್ಪು ನಮ್ಮ ಮನೆಗಳದು. ಎಪಿ ಕೋರ್ಸುಗಳ ರಾಶಿ ಹಾಕಿ, ವೃತ್ತಿ ಶಿಕ್ಷಣದ 1 ಕ್ರೆಡಿಟ್ಟನ್ನೂ ಆರೋಗ್ಯದ ಅರ್ಧ ಕ್ರೆಡಿಟ್ಟನ್ನೂ ಕೊನೆಯವರೆಗೆ ಮರೆತುಬಿಡುವುದು. ಎಪಿ ಕ್ಯಾಲ್ಕುಲಸ್‌ನಲ್ಲಿ 5 ಬಂದ ಹುಡುಗಿಯೂ ಆ ಅರ್ಧ ಕ್ರೆಡಿಟ್ ಇಲ್ಲದೆ ಹೊರಬರುವಂತಿಲ್ಲ.

ಎಂಟನೆಯದರಲ್ಲೇ ಆಲ್ಜೀಬ್ರಾ ಮುಗಿಸಿದವರ ವಿಷಯವೂ ಹೇಳಬೇಕು. ಮಿಡ್ಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಮಟ್ಟದ ಕೋರ್ಸು ತಾನಾಗಿಯೇ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ಗೆ (ಗ್ರೇಡುಗಳ ದಾಖಲೆಗೆ) ಸೇರುತ್ತದೆ. ಗ್ರೇಡ್ ಚೆನ್ನಾಗಿಲ್ಲದಿದ್ದರೆ ಅದೂ ಸರಾಸರಿಯನ್ನು ಕೆಳಗೆಳೆಯುತ್ತದೆ. ಬೇಡವೆಂದು ತೆಗೆಸಲು, ಅಥವಾ ಗ್ರೇಡ್ ಲೆಕ್ಕಕ್ಕೆ ಬಾರದ ಹಾಗೆ ಬರೆಸಲು, ಹನ್ನೊಂದನೇ ತರಗತಿ ಮುಗಿಯುವವರೆಗೆ ಅವಕಾಶವಿದೆ.

ಡ್ಯುಯಲ್ ಕ್ರೆಡಿಟ್‌ನ ಹಣದ ಲೆಕ್ಕ

ಹನ್ನೊಂದು, ಹನ್ನೆರಡನೇ ತರಗತಿಯವರು ಸಮುದಾಯ ಕಾಲೇಜಿಗೇ ಹೋಗಿ ಓದುವ 'ರನ್ನಿಂಗ್ ಸ್ಟಾರ್ಟ್' ಈ ರಾಜ್ಯದಲ್ಲಿ ಮೂರು ದಶಕಕ್ಕೂ ಹಳೆಯದು. ಬೋಧನಾ ಶುಲ್ಕವಿಲ್ಲ; ಪುಸ್ತಕ, ಕಾಲೇಜಿನ ಇತರ ಶುಲ್ಕ, ಓಡಾಟದ ಖರ್ಚು ಮನೆಯವರದು. ಕಡಿಮೆ ಆದಾಯದವರಿಗೆ ವಿನಾಯಿತಿಯಿದೆ. ಕಾಲೇಜಿನ 5 ಕ್ರೆಡಿಟ್ ಹೈಸ್ಕೂಲಿನ 1ಕ್ಕೆ ಸಮ, ಅಂದರೆ ವರ್ಷದ ಕೋರ್ಸೊಂದು ಒಂದು ಕ್ವಾರ್ಟರ್‌ನಲ್ಲಿ ಮುಗಿಯುತ್ತದೆ. 24ರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರಿಗೆ ಇದು ದೊಡ್ಡ ಅನುಕೂಲ. ಅಪಾಯವೂ ಅದೇ ವೇಗದಲ್ಲಿದೆ: ಹನ್ನೊಂದು ವಾರದ ಕ್ವಾರ್ಟರ್‌ನಲ್ಲಿ ಜಾರಿದರೆ ಹೋಗುವುದು ಇಡೀ ಒಂದು ಕ್ರೆಡಿಟ್, ಮತ್ತು ಆ ಗ್ರೇಡ್ ಕಾಲೇಜಿನ ದಾಖಲೆಯಲ್ಲೂ ಉಳಿಯುತ್ತದೆ. ಹೈಸ್ಕೂಲಿನೊಳಗೇ ಕಾಲೇಜು ಕೋರ್ಸ್ ಕಲಿಸುವ 'ಕಾಲೇಜ್ ಇನ್ ದ ಹೈಸ್ಕೂಲ್' ಸರ್ಕಾರಿ ಸಂಸ್ಥೆಗಳಲ್ಲಿ 2023ರ ಕಾನೂನಿನಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿದೆ.

ಯಾರ ವಾದ ಏನು

ಪರೀಕ್ಷೆಯ ಕೊಂಡಿ ಕಳಚಿದ್ದನ್ನು ಬೆಂಬಲಿಸಿದವರ ತರ್ಕ ಸರಳ. ಒಂದು ದಿನದ ಪರೀಕ್ಷೆ ಇಂಗ್ಲಿಷ್ ಕಲಿಯುತ್ತಿರುವವರನ್ನು, ಬಡವರನ್ನು, ಅಂಗವಿಕಲರನ್ನು ಜರಡಿಯಲ್ಲಿ ಹೊರಹಾಕುತ್ತದೆ. ಕಲಿಕೆಯನ್ನು ತೋರಿಸಲು ಹಲವು ಬಗೆ ಇರಲಿ. ಶಿಕ್ಷಕರ ಸಂಘಟನೆಗಳು ಈ ಕಡೆಗಿದ್ದವು. ಎದುರು ಬದಿಯ ಅಳಲು ಬೇರೆ: ಎಲ್ಲರಿಗೂ ಸಮಾನವಾದ ಅಳತೆಗೋಲು ಇಲ್ಲದಿದ್ದರೆ ಡಿಪ್ಲೊಮಾ ಏನನ್ನು ಖಾತ್ರಿಪಡಿಸುತ್ತದೆ? ಒಂದು ಶಾಲೆಯ ಸಿ ಪ್ಲಸ್ ಇನ್ನೊಂದರ ಸಿ ಪ್ಲಸ್ಸಿಗೆ ಸಮವೇ?

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಹರಿತ. ದಾರಿಗಳು ಹಲವಾದಾಗ ಯಾರನ್ನು ಯಾವ ದಾರಿಗೆ ಕಳಿಸುತ್ತಾರೆ? ಸಿಯಾಟಲ್ ಸುತ್ತಲಿನ ಶ್ರೀಮಂತ ಉಪನಗರದ ಶಾಲೆಯಲ್ಲಿ ಎಪಿ, ಡ್ಯುಯಲ್ ಕ್ರೆಡಿಟ್, ರೋಬೋಟಿಕ್ಸ್ ಎಲ್ಲವೂ ಇರುತ್ತದೆ. ಪೂರ್ವ ಭಾಗದ ಕೃಷಿ ಊರಿನ ಪುಟ್ಟ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಮೇಷ್ಟ್ರು. ಅಲ್ಲಿಯ ಮಗುವಿಗೆ 'ಆಯ್ಕೆ' ಎಂದರೆ ರಾಜ್ಯದ ಪರೀಕ್ಷೆ, ಇಲ್ಲವೇ ಆಸ್‌ವ್ಯಾಬ್. ಯಾವ ಗುಂಪಿನ ಮಕ್ಕಳು ಯಾವ ಪಾತ್‌ವೇಯಲ್ಲಿ ಹೊರಬರುತ್ತಿದ್ದಾರೆಂದು ಡಿಸ್ಟ್ರಿಕ್ಟ್‌ಗಳು ವರ್ಷ ವರ್ಷ ಅಂಕಿಅಂಶ ತೆಗೆದು ನೋಡಬೇಕೆಂದು 2023ರ ಕಾನೂನು ಸೇರಿಸಿದ್ದು ಈ ಕಾರಣಕ್ಕೇ. ನೋಡುವುದರಿಂದ ಕೊರತೆ ಕಾಣುತ್ತದೆ, ತುಂಬುವುದಿಲ್ಲ. ಆದರೂ ಮೊದಲು ಅಷ್ಟೂ ಇರಲಿಲ್ಲ.

ಇನ್ನು ಕೌನ್ಸೆಲರ್‌ಗಳು. ಇಡೀ ಏರ್ಪಾಡು ನಿಂತಿರುವುದು ಇವರ ಮೇಲೆ. 250 ವಿದ್ಯಾರ್ಥಿಗಳಿಗೆ ಒಬ್ಬರಿರಬೇಕು ಎಂಬುದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘದ ಶಿಫಾರಸು. 250 ಮಕ್ಕಳಿಗೆ ತಲಾ 30 ನಿಮಿಷದಂತೆ ವರ್ಷಕ್ಕೆ ಒಮ್ಮೆ ಪ್ಲ್ಯಾನ್ ನೋಡಿದರೂ 125 ಗಂಟೆ. ದಿನಕ್ಕೆ ಆರು ಗಂಟೆ ಬೇರೇನೂ ಮಾಡದೆ ಕೂತರೂ ಇಪ್ಪತ್ತು ದಿನ ದಾಟುತ್ತದೆ. ಮಾನಸಿಕ ಆರೋಗ್ಯದ ತುರ್ತು, ವೇಳಾಪಟ್ಟಿಯ ಬದಲಾವಣೆ, ಕಾಲೇಜು ಶಿಫಾರಸು ಪತ್ರಗಳೂ ಇವರವೇ. ಕೌನ್ಸೆಲರ್‌ಗಳ ಸಮಯದ 80 ಶೇಕಡ ನೇರವಾಗಿ ಅಥವಾ ಪರೋಕ್ಷವಾಗಿ ವಿದ್ಯಾರ್ಥಿ ಸೇವೆಗೇ ಹೋಗಬೇಕೆಂದು 2021ರಲ್ಲಿ ಕಾನೂನು ಬಂತು. ಸಮಯವನ್ನು ಹಂಚುವ ಕಾನೂನು ಬಂತೇ ಹೊರತು, ಅದೇ ಅಳತೆಯಲ್ಲಿ ಜನ ಬರಲಿಲ್ಲ. ಪರಿಣಾಮವಾಗಿ ಪ್ಲ್ಯಾನ್ ಕೆಲಸ ಅಡ್ವೈಸರಿ ಪೀರಿಯಡ್ಡಿಗೆ ಜಾರುತ್ತದೆ: ಮೂವತ್ತು ಮಕ್ಕಳು, ಮೂವತ್ತು ಲ್ಯಾಪ್‌ಟಾಪ್, ಗಂಟೆ ಹೊಡೆಯುವುದರೊಳಗೆ ಪ್ರಶ್ನಾವಳಿ ಮುಗಿಸಿ ಎನ್ನುವ ಒಬ್ಬ ಶಿಕ್ಷಕ. ಪರೀಕ್ಷೆಯನ್ನು ತೆಗೆದು ಮಾರ್ಗದರ್ಶನವನ್ನು ಇಡುತ್ತೇವೆ ಎಂದ ಶಾಸನಸಭೆ, ತೆಗೆದದ್ದನ್ನು ಪೂರ್ತಿ ತೆಗೆದು ಇಟ್ಟದ್ದನ್ನು ಅರ್ಧ ಇಟ್ಟಿತು ಎನ್ನದೆ ವಿಧಿಯಿಲ್ಲ. ಅರ್ಧವನ್ನು ತುಂಬಿಕೊಳ್ಳುವವರು, ಕೋರ್ಸ್ ಪಟ್ಟಿ ಓದಬಲ್ಲ ಅಪ್ಪ ಅಮ್ಮ ಇರುವ ಮಕ್ಕಳು.

ಎಚ್-4 ಮಕ್ಕಳು, ಮತ್ತು ಕನ್ನಡದ ನಾಲ್ಕು ಕ್ರೆಡಿಟ್

ರೆಡ್ಮಂಡ್, ಬಾಥೆಲ್, ಸಮಾಮಿಶ್ ಕಡೆಯ ಕನ್ನಡ ಮನೆಗಳಿಗೆ ಈ ಕಾನೂನಿನ ಎರಡು ಮಗ್ಗುಲು ವಿಶೇಷವಾಗಿ ತಾಗುತ್ತವೆ.

ಮೊದಲನೆಯದು ವೀಸಾ. ಪ್ಲ್ಯಾನ್ ವೃತ್ತಿ ಸಿದ್ಧತೆಯ ಬಗ್ಗೆ ಉತ್ಸಾಹದಿಂದ ಮಾತಾಡುತ್ತದೆ: ಸಂಬಳದ ಇಂಟರ್ನ್‌ಶಿಪ್, ಅಪ್ರೆಂಟಿಸ್‌ಶಿಪ್, ಬೇಸಿಗೆ ಕೆಲಸ. ತಂದೆಯ ಅಥವಾ ತಾಯಿಯ ಎಚ್-1ಬಿ ಮೇಲೆ ಎಚ್-4ರಲ್ಲಿರುವ ಮಗು ಸಂಬಳದ ಕೆಲಸ ಮಾಡುವಂತಿಲ್ಲ. ಸಾಮಾನ್ಯವಾಗಿ ಸಂಬಳ ಕೊಡುವ ಕೆಲಸವನ್ನು 'ಸಂಬಳವಿಲ್ಲದೆ' ಮಾಡುವುದೂ ತೊಡಕಿನದೇ. ತರಗತಿಯೊಳಗಿನ ವೃತ್ತಿ ಕೋರ್ಸು, ಸ್ಕಿಲ್ ಸೆಂಟರ್ ಪಾಠ, ಡ್ಯುಯಲ್ ಕ್ರೆಡಿಟ್ ಇವುಗಳಿಗೆ ಅಡ್ಡಿಯಿಲ್ಲ. ಆದ್ದರಿಂದ ಇಂಥ ಮಕ್ಕಳ ಪಾತ್‌ವೇ, ಕೆಲಸದ ಅನುಭವವನ್ನೇ ನೆಚ್ಚಿಕೊಂಡಿರಬಾರದು. ತಂತ್ರಾಂಶ ಇದನ್ನು ಕೇಳುವುದಿಲ್ಲ, ಶಾಲೆ ಸಾಮಾನ್ಯವಾಗಿ ವೀಸಾ ವಿಚಾರಿಸುವುದಿಲ್ಲ, ಹೇಳಬೇಕಾದವರು ಮನೆಯವರೇ.

ಹಣದ ನೆರವಿನ ಪುಟದಲ್ಲೂ ಇದೇ. ಫೆಡರಲ್ ನೆರವಿನ ಫಾಫ್ಸಾ ಅರ್ಜಿ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ, ಎಚ್-4ರವರಿಗೆ ಅಲ್ಲ. ಅಮೆರಿಕದಲ್ಲೇ ಹುಟ್ಟಿದ ಮಗು ಅಪ್ಪ ಅಮ್ಮ ಎಚ್-1ಬಿಯಲ್ಲಿದ್ದರೂ ಫಾಫ್ಸಾ ತುಂಬಬಹುದು. ಒಂದೇ ಮನೆಯ ಅಕ್ಕನಿಗೆ ಇಲ್ಲದ್ದು ತಮ್ಮನಿಗೆ ಇರುವುದು ಹೀಗೆ. ಫಾಫ್ಸಾ ತುಂಬಲಾಗದವರಿಗೆ, ರಾಜ್ಯದ ವಾಸದ ಷರತ್ತುಗಳನ್ನು ಪೂರೈಸಿದ್ದರೆ, ವಾಸ್‌ಫಾ ಎಂಬ ರಾಜ್ಯದ್ದೇ ಅರ್ಜಿಯಿದೆ. 21 ತುಂಬಿದೊಡನೆ ಎಚ್-4 ಮುಗಿಯುತ್ತದೆ ಎಂಬುದನ್ನೂ ಕಾಲೇಜಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಎರಡನೆಯದು ಸಿಹಿ ಸುದ್ದಿ. ಭಾಷೆಯ 2 ಕ್ರೆಡಿಟ್ ತರಗತಿಯಲ್ಲೇ ಗಳಿಸಬೇಕೆಂದಿಲ್ಲ. ಬಲ್ಲ ಭಾಷೆಯನ್ನು ಪರೀಕ್ಷೆಯಲ್ಲಿ ತೋರಿಸಿ ಗಳಿಸಬಹುದು. ರಾಜ್ಯದ ಮಾದರಿ ನಿಯಮದ ಪ್ರಕಾರ 'ನಾವಿಸ್ ಮಿಡ್' ಮಟ್ಟಕ್ಕೆ 1, 'ನಾವಿಸ್ ಹೈ'ಗೆ 2, 'ಇಂಟರ್‌ಮೀಡಿಯಟ್ ಲೋ'ಗೆ 3, 'ಇಂಟರ್‌ಮೀಡಿಯಟ್ ಮಿಡ್'ಗೆ 4 ಕ್ರೆಡಿಟ್. ಅವಾಂಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಆ ಪರೀಕ್ಷೆ ಬರವಣಿಗೆ ಮತ್ತು ಮಾತು ಎರಡನ್ನೂ ಅಳೆಯುತ್ತದೆ.

ಎಡವುವುದು ಬರವಣಿಗೆಯಲ್ಲಿ. ಅಜ್ಜಿಯೊಂದಿಗೆ ಫೋನಿನಲ್ಲಿ ಲೀಲಾಜಾಲವಾಗಿ ಮಾತಾಡುವ ಮಗುವಿಗೂ ಒತ್ತಕ್ಷರ ಕೈ ಕೊಡುತ್ತದೆ, ಕೀಬೋರ್ಡಿನಲ್ಲಿ ಕನ್ನಡ ಟೈಪಿಸಿ ಅಭ್ಯಾಸವಿರುವುದಿಲ್ಲ. ಕ್ರೆಡಿಟ್ ನಿರ್ಧಾರವಾಗುವುದು ಎರಡು ಕೌಶಲಗಳಲ್ಲಿ ಕಡಿಮೆ ಇರುವುದರ ಮೇಲೆ ಎಂದೇ ಎಣಿಸಿ ಸಿದ್ಧವಾಗುವುದು ಕ್ಷೇಮ. ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಮೂರು ನಾಲ್ಕು ತಿಂಗಳು ಪ್ಯಾರಾಗ್ರಾಫ್ ಬರೆಸಿ, ಟೈಪಿಂಗ್ ಮಾಡಿಸಿದರೆ ಫಲ ಕಾಣುತ್ತದೆ. ಪರೀಕ್ಷೆಯ ದಿನಾಂಕ, ಶುಲ್ಕ, ನೋಂದಣಿ ಎಲ್ಲ ಡಿಸ್ಟ್ರಿಕ್ಟ್ ಕೈಯಲ್ಲಿದೆ. ಒಂಬತ್ತು ಅಥವಾ ಹತ್ತನೆಯದರಲ್ಲೇ ಮುಗಿಸಿದರೆ ತೆರವಾದ ಎರಡು ಪೀರಿಯಡ್ಡಿನಲ್ಲಿ ಬೇರೆ ಕೋರ್ಸು ಕೂರುತ್ತದೆ. ಇಂಟರ್‌ಮೀಡಿಯಟ್ ಮಿಡ್ ಮುಟ್ಟಿ ಇಂಗ್ಲಿಷ್ ಷರತ್ತನ್ನೂ ಪೂರೈಸಿದವರ ಡಿಪ್ಲೊಮಾಗೆ ದ್ವಿಭಾಷಾ ಮುದ್ರೆಯೂ ಬೀಳುತ್ತದೆ. 2014ರಿಂದ ಈ ಗೌರವವಿದೆ.

ಫ್ಯೂಚರ್‌ರೆಡಿ ಏನು ಬದಲಿಸಬಹುದು, ಯಾರಿಗೆ

ಮಂಡಳಿಯ ಈ ಮರುಪರಿಶೀಲನೆಯ ಹಿಂದಿನ ಒತ್ತಡ ಕ್ರೆಡಿಟ್ ಲೆಕ್ಕದ್ದೇ: 24ರ ಡಬ್ಬಿ ತುಂಬಿದೆ, ಹೊರಗೆ ಸಾಲು ನಿಂತಿದೆ. 2024ರ ಅಧಿವೇಶನದಲ್ಲಿ ಹಣಕಾಸು ಶಿಕ್ಷಣವನ್ನು ಡಿಪ್ಲೊಮಾಗೆ ಕಡ್ಡಾಯ ಮಾಡುವ ಮಸೂದೆ ಬಂತು, ಕಂಪ್ಯೂಟರ್ ವಿಜ್ಞಾನಕ್ಕೂ ಅಂಥದ್ದೇ ಬಂತು. ಎರಡೂ ಕಾನೂನಾಗಲಿಲ್ಲ. ಬೇಡವೆನ್ನುವವರು ಆ ವಿಷಯಗಳನ್ನೇ ಬೇಡವೆನ್ನಲಿಲ್ಲ. ಯಾವುದನ್ನು ತೆಗೆದು ಇದನ್ನಿಡುತ್ತೀರಿ ಎಂದು ಕೇಳಿದರು. ಐಚ್ಛಿಕ 4ರಿಂದ ಕಿತ್ತುಕೊಂಡರೆ ಸಂಗೀತ, ನಾಟಕ, ವೃತ್ತಿ ಕೋರ್ಸುಗಳು ಸೊರಗುತ್ತವೆ. ತಿರುಳಿಗೆ ಸೇರಿಸಿದರೆ ಆರು ಪೀರಿಯಡ್ಡಿನ ಶಾಲೆಗಳು ಕುಸಿಯುತ್ತವೆ. ಹೊಸ ಶಿಕ್ಷಕರಿಗೆ ಹಣ ಬೇಕು.

ಮಂಡಳಿ ಏನೇ ಶಿಫಾರಸು ಮಾಡಿದರೂ ನಾಳೆ ಬೆಳಗ್ಗೆ ಜಾರಿಯಾಗದು. ಡಿಸ್ಟ್ರಿಕ್ಟ್‌ಗಳ ಮೇಲೆ ಖರ್ಚು ಹೊರಿಸುವ ಬದಲಾವಣೆಗೆ ಶಾಸನಸಭೆಯ ಸ್ಪಷ್ಟ ಒಪ್ಪಿಗೆ ಬೇಕೆಂದು ಕಾನೂನಿನಲ್ಲೇ ಇದೆ. ಜೊತೆಗೆ ಮಗುವಿಗೆ ಅನ್ವಯಿಸುವುದು ಅದು ಒಂಬತ್ತನೇ ತರಗತಿಗೆ ಕಾಲಿಟ್ಟ ವರ್ಷದಿಂದ ನಾಲ್ಕು ವರ್ಷ ಎಣಿಸಿದಾಗ ಸಿಗುವ ತಂಡದ ನಿಯಮ. ಒಂದು ವರ್ಷ ತಡವಾಗಿ ಮುಗಿಸಿದರೂ ಹೊಸ ತಂಡದ ನಿಯಮ ಮೇಲೆ ಬೀಳುವುದಿಲ್ಲ. ಈಗಾಗಲೇ ಹೈಸ್ಕೂಲಿನಲ್ಲಿರುವವರು 24 ಕ್ರೆಡಿಟ್, ಒಂದು ಪಾತ್‌ವೇ, ಒಂದು ಪ್ಲ್ಯಾನ್ ಎಂಬ ಲೆಕ್ಕದಲ್ಲೇ ಮುಂದುವರಿಯಬೇಕು. ಆರು, ಏಳನೇ ತರಗತಿಯವರಿಗೆ ಮಾತ್ರ, ಈ ವರ್ಷ ಪ್ಲ್ಯಾನ್‌ನಲ್ಲಿ ತುಂಬಿದ ನಾಲ್ಕು ವರ್ಷದ ಕೋರ್ಸ್ ಪಟ್ಟಿ ಅವರು ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಬೇರೆಯೇ ನಿಯಮಕ್ಕೆ ಉತ್ತರ ಕೊಡಬೇಕಾಗಬಹುದು.